ಬಸ್ಸಿಗೆ ನೀರು, ನನಗೆ ಕಾಫಿ

ಕಾಫಿಯನ್ನು ತಣ್ಣಗೆ ಮಾಡಿಕೊಂಡು ಕುಡಿಯುವವನನ್ನು ಕಂಡರೆ ನಿಮಗೇನನ್ನಿಸುತ್ತದೋ ಗೊತ್ತಿಲ್ಲ. ನನ್ನ ಹೆಂಡತಿಗಂತೂ ಕೋಪ ಬರುತ್ತದೆ. ಹಲ್ಲಿನ ತೊಂದರೆ ಎಂದು ಅವಳಿಗೆ ಹೇಳಿದ್ದೇನೆ. ನಿಮಗೆ ನಿಜ ಹೇಳುತ್ತೇನೆ.

ನಾನು ಸರ್ಕಾರಿ ಬಸ್ಸಿನ ಡ್ರೈವರಾಗಿದ್ದೆ. ಬೆಳಗಿನ ಬಸ್ಸು ತೂಬಗೆರೆ ಕಡೆಯಿಂದ ದೊಡ್ಡಬಳ್ಳಾಪುರಕ್ಕೆ. ದಾರಿಯಲ್ಲೇ ನನ್ನ ಮನೆ. ಅಲ್ಲಿ ಬಸ್ಸು ನಿಲ್ಲಿಸಿ ಬಾನೆಟ್ ಎತ್ತುತ್ತಿದ್ದೆ. ಕಂಡಕ್ಟರ್ ನಂಜಪ್ಪ ನಮ್ಮ ತೊಟ್ಟಿಯ ನೀರು ತಂದು ರೇಡಿಯೇಟರಿಗೆ ಸುರಿಯುವಷ್ಟರಲ್ಲಿ ನಾನು ಒಳಗೆ ಹೋಗಿ ಬಿಸಿ ಕಾಫಿ ಕುಡಿದು ಬರುತ್ತಿದ್ದೆ. ಅಷ್ಟು ನೀರು ಕುಡಿಯುವ ಬಸ್ಸು ಡಿಪೋದಲ್ಲಿ ಇನ್ನೊಂದಿರಲಿಲ್ಲ. ಹೊಸ ಬಸ್ಸು ಕೊಟ್ಟ ಮೇಲೂ ಅದರ ಬಾಯಾರಿಕೆ ಹೋಗಲಿಲ್ಲ!

"ಜನ ಎಲ್ಲಾ ಕಿಟಕೀಲಿ ನೋಡ್ತಾರೆ, ನಂಗೆ ನಾಚ್ಕೆ ಆಗುತ್ತೆ ಕಣ್ರೀ. ಫ್ಲಾಸ್ಕಲ್ಲಿ ಹಾಕ್ಕೊಡ್ತೀನಿ" ಎನ್ನುತ್ತಿದ್ದಳು ಹೆಂಡತಿ. ಫ್ಲಾಸ್ಕಿನ ಕಾಫಿ ವಾಸನೆ ಬರುತ್ತದೆ ಎಂದು ನಾನು ಒಪ್ಪಲಿಲ್ಲ. ಕುರ್ಚಿಗೆ ಕೋಟು ನೇತುಹಾಕಿ ಮಗಳಿಗೆ ಗಂಡು ನೋಡಲು ಹೋಗುವ ಗುಮಾಸ್ತರಿಲ್ಲವೇ? ನಾನು ಕದಿಯುತ್ತಿದ್ದುದು ಸರ್ಕಾರದ ಹೊತ್ತು; ಸರ್ಕಾರಕ್ಕೆ ಹೊತ್ತಿಗೇನು ಬರ? ಹೈಸ್ಕೂಲು ಓದಿದವನ ಬುದ್ಧಿಗೆ ಅಷ್ಟು ನ್ಯಾಯ ಸಾಕಾಗಿತ್ತು.

ಒಂದು ದಿನ ನಮ್ಮ ಪಕ್ಕದೂರಿನ ಗೌರಮ್ಮ ಬಸ್ಸಿನಲ್ಲಿದ್ದಳು. ನಮ್ಮ ಕಡೆಯದೇ ವಿಜಯಪುರದಲ್ಲಿ ಅವಳ ಅಣ್ಣ ತೀರಿಕೊಂಡಿದ್ದ. ದೊಡ್ಡಬಳ್ಳಾಪುರದಲ್ಲಿ ಇಳಿದು ವಿಜಯಪುರದ ಬಸ್ಸು ಹಿಡಿಯಬೇಕಿತ್ತು.

"ಇವತ್ತೊಂದಿನ ನಿಲ್ಲಿಸಬ್ಯಾಡ ಕಣಪ್ಪಾ" ಎಂದಳು.

"ಇಂಜಿನ್ಗೆ ನೀರು ಬ್ಯಾಡ್ವೇನಮ್ಮಾ?" ಎಂದು ಗದರಿ ನಾನು ಒಳಗೆ ಹೋದೆ. ಅವತ್ತು ಕಾಫಿ ಚೆನ್ನಾಗಿತ್ತು. ಇನ್ನರ್ಧ ಲೋಟ ಹಾಕಿಸಿಕೊಂಡೆ.

ನಾವು ನಿಲ್ದಾಣಕ್ಕೆ ತಿರುಗುವಾಗ ವಿಜಯಪುರದ ಬಸ್ಸು ಎದುರಿಗೇ ಹೊರಟುಹೋಯಿತು. ಗೌರಮ್ಮ ಕೈ ಬೀಸಿದಳು. ನಾನೂ ಹಾರನ್ ಹೊಡೆದೆ. ಅದು ನಿಲ್ಲಲಿಲ್ಲ.

ಕೆಲವು ದಿನಗಳ ಮೇಲೆ ಅವಳು ಮತ್ತೆ ನನ್ನ ಬಸ್ಸು ಹತ್ತಿದಳು. "ಅಣ್ಣನ ಮುಖ ಸಿಕ್ತಾ?" ಎಂದು ಕೇಳಿದೆ.

"ಇಲ್ಲ ಕಣಪ್ಪಾ. ನಾ ಹೋಗೋಷ್ಟ್ರಲ್ಲಿ ಗುಂಡಿ ಮುಚ್ಚಿಬಿಟ್ಟಿದ್ರು. ಒಂದು ಹಿಡಿ ಮಣ್ಣು ಹಾಕೋ ಋಣಾನೂ ಇರ್ಲಿಲ್ಲ. ಹೋಗ್ಲಿ ಬಿಡು, ನೀನೇನ್ ಮಾಡ್ತೀಯಾ, ಕಾಫಿ ಆರೋಗ್ತಿತ್ತು."

ಆ ಮಾತಿನಲ್ಲಿ ಕುಟುಕು ಇದ್ದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಇರಲಿಲ್ಲ. ನಾನು ಕದ್ದದ್ದು ಸರ್ಕಾರದ ಹೊತ್ತಲ್ಲ, ಹಿಂದಿನ ಸೀಟಿನಲ್ಲಿ ಸೆರಗು ಹಿಂಡುತ್ತಾ ಕೂತಿದ್ದವಳ ಹೊತ್ತು.

ಮರುದಿನ ಮನೆ ಮುಂದೆ ಬಸ್ಸು ನಿಲ್ಲಲಿಲ್ಲ. "ಏನ್ ಗುರು, ಬಸ್ಸಿಗಿವತ್ತು ಉಪವಾಸಾನಾ?" ಎಂದು ನಂಜಪ್ಪ ನಕ್ಕ. ನಾನು ಗೇರು ಬದಲಿಸಿದೆ. ಆದರೆ ಗೌರಮ್ಮನಿಗೆ ಇದ್ದವನು ಒಬ್ಬನೇ ಅಣ್ಣ.

ಈಗ ನಿವೃತ್ತ; ಹೊತ್ತೆಲ್ಲ ನನ್ನದೇ. ಹೆಂಡತಿ ಲೋಟ ಮುಂದಿಟ್ಟು, "ಆರೋಗುತ್ತೆ, ಕುಡೀರಿ" ಎನ್ನುತ್ತಾಳೆ. ಆ ಮಾತು ಕಿವಿಗೆ ಬಿದ್ದರೆ ಕೈ ತಾನಾಗಿ ಹಿಂದೆ ಬರುತ್ತದೆ. ಲೋಟದ ಹಬೆ ಪೂರ್ತಿ ಅಡಗುವವರೆಗೆ ಸುಮ್ಮನೆ ನೋಡುತ್ತಾ ಕೂರುತ್ತೇನೆ. ಎಷ್ಟು ಉದ್ದದ ಹೊತ್ತದು! ಒಳಗೆ ಕೂತು ಕುಡಿಯುವಾಗ ಗೊತ್ತೇ ಆಗಿರಲಿಲ್ಲ.