ನೇಗಿಲು ತಾಕದ ಆಳುದ್ದ ನೆಲ

ಬೆಳಿಗ್ಗೆ ಐದೂ ನಲವತ್ತು. ಅಕ್ಕಲಕೋಟದ ಬಸ್ ನಿಲ್ದಾಣದಲ್ಲಿ ಚಹಾದಂಗಡಿಯ ಒಲೆ ಈಗಷ್ಟೇ ಹೊತ್ತಿಕೊಂಡಿದೆ. ಚಪಳಗಾಂವ ಹಾಯ್ದು ಸೊಲ್ಲಾಪುರಕ್ಕೆ ಹೋಗುವ ಮೊದಲ ಎಸ್‌ಟಿ ಬಸ್ಸಿನಲ್ಲಿ ಕಂಡಕ್ಟರ್ ಕೈಲಾಸ ಅಜ್ಜನೊಬ್ಬರ ಆಧಾರ್ ಕಾರ್ಡನ್ನು ದೀಪದ ಕಡೆ ಹಿಡಿದು ಹುಟ್ಟಿದ ವರ್ಷ ನೋಡುತ್ತಿದ್ದಾರೆ. ಎಪ್ಪತ್ತೈದು ದಾಟಿದವರಿಗೆ ಪ್ರಯಾಣ ಪುಕ್ಕಟೆ. ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಡುತ್ತ ಹಳೆಯ ಸಿಪಾಯಿಗಳ ಬಗ್ಗೆ ಮೆಲ್ಲಗೆ ಕೇಳುತ್ತಾರೆ: "ಅಜ್ಜಾ, ನಿಮ್ಮೂರಾಗ ಹಿಂದಕ ಪಲ್ಟನ್‌ಕ ಹೋದಾವ್ರು ಯಾರರ ಇದ್ರೇನ್ರಿ?"

"ತಿಕೀಟ ಕೊಡೋ ಮಾರಾಯಾ, ಮುಂಜಾನೆದ್ದು ಪೊಲೀಸ್ರಂಗ ಚೌಕಶಿ ಹಚ್ಚಬ್ಯಾಡ," ಎಂದು ಅಜ್ಜ ಗೊಣಗುತ್ತಾರೆ. ಊರು ದಾಟುವಷ್ಟರಲ್ಲಿ ತಾವಾಗಿಯೇ ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಶುರು ಮಾಡುತ್ತಾರೆ.

ನಲವತ್ತನಾಲ್ಕರ ಕೈಲಾಸ ಹದಿನೇಳು ವರ್ಷದಿಂದ ಈ ಕೆಲಸದಲ್ಲಿದ್ದಾರೆ. ದಿನಕ್ಕೆ ನಾಲ್ಕು ಸುತ್ತು. ಐವತ್ತಕ್ಕೆ ಕಡಿಮೆಯಿಲ್ಲದಷ್ಟು ಹಿರಿಯರ ಕಾರ್ಡುಗಳು ಕೈಗೆ ಬರುತ್ತವೆ. "ಹಳೇ ಮಂದಿ ಎಲ್ಲಾ ಒಂದಿಲ್ಲ ಒಂದಿನ ನನ್ನ ಗಾಡಿ ಹತ್ತತಾರ್ರಿ. ಹುಡುಕ್ಕೊಂಡು ನಾ ಎಲ್ಲಿ ಹೋಗ್ಲಿ?" ಎನ್ನುತ್ತಾರೆ. ಹೋಗದೆಯೂ ಇರುವುದಿಲ್ಲ. ದಿನವಿಡೀ ನಿಂತು ಊದಿದ ಮೊಣಕಾಲಿನಲ್ಲೇ ವಾರದ ರಜೆಗೆ ಹಳೆಯ ಸಿಪಾಯಿಗಳ ಸಮಾಧಿ ಹುಡುಕುತ್ತ ಹಳ್ಳಿಗಳ ಸ್ಮಶಾನ ಸುತ್ತುತ್ತಾರೆ. ಹೆಂಡತಿ ಸಪನಾ ಸುಮ್ಮನಿರುವವರಲ್ಲ. "ಜೀವಂತ ಇದ್ದ ಬೀಗರ ಮನಿಗೆ ಒಂದಿನಾನೂ ಬರಂಗಿಲ್ಲ. ಸತ್ತಾವ್ರ ಮನಿ ಮಾತ್ರ ತಪ್ಪಸಂಗಿಲ್ಲ!"

ಇದು ಹತ್ತಿಕೊಂಡದ್ದು ಮೂರು ವರ್ಷದ ಹಿಂದೆ. ಆಧಾರ್ ಕೇಳಿದಾಗ ಅಕ್ಕಲಕೋಟದ ಜನಾಬಾಯಿ ಎಂಬ ಮುದುಕಿ ಪ್ಲಾಸ್ಟಿಕ್ ಚೀಲದಿಂದ ಹಳದಿಗಟ್ಟಿದ ಇಂಗ್ಲಿಷ್ ಕಾಗದವೊಂದನ್ನು ತೆಗೆದುಕೊಟ್ಟರು. ಅದು ಅವರ ತಂದೆ ಹುಲೆಪ್ಪನಿಗೆ ಸೈನ್ಯದಿಂದ ಸಿಕ್ಕ ಬಿಡುಗಡೆ ಪತ್ರ.

"ಆಯಿ, ಇದಲ್ಲ. ನಿಂದು ಬೇಕು."

"ನಂದರಾಗ ಏನದ ತಮ್ಮಾ? ಅಂವಾ ಎಲ್ಲಿ ಮಲಗ್ಯಾನ ಅಂತ ಇದರಾಗ ಬರದದ ಏನು, ಅಷ್ಟ ಓದಿ ಹೇಳು."

ಬರೆದಿರಲಿಲ್ಲ. ರಜೆಯ ದಿನ ಸೊಲ್ಲಾಪುರದ ಕಚೇರಿಯೊಂದರಲ್ಲಿ ಓದಿಸಿದಾಗ ತಿಳಿದದ್ದು ಇಷ್ಟೇ: ಚಪಳಗಾಂವದ ಹುಲೆಪ್ಪ ಎರಡನೇ ಮಹಾಯುದ್ಧದಲ್ಲಿ ಬರ್ಮಾ ಗಡಿಯಲ್ಲಿದ್ದ, ನಲವತ್ತಾರರಲ್ಲಿ ಊರಿಗೆ ಮರಳಿದ. ಉಳಿದದ್ದು ಜನಾಬಾಯಿ ಹೇಳಿದ್ದು: ಮಗಳಿಗೆ ಐದು ತುಂಬುವಾಗ ತೀರಿಕೊಂಡ. ಅದೇ ವರ್ಷ ತಾಯಿಯೂ ಹೋದರು. ಸಾಕಿದ ಸೋದರತ್ತೆ "ತನ್ನ ಮಣ್ಣಾಗ ಅದಾನ" ಎಂದಿದ್ದಳೇ ಹೊರತು ಜಾಗ ತೋರಿಸಿರಲಿಲ್ಲ. ಎಂಬತ್ತರ ಹತ್ತಿರ ಬಂದ ಜನಾಬಾಯಿಗೆ ಕಣ್ಣು ಮುಚ್ಚುವ ಮೊದಲು ಆ ಮಣ್ಣು ಮುಟ್ಟಬೇಕು.

ಆರು ತಿಂಗಳಲ್ಲಿ ಕೈಲಾಸ ಚಪಳಗಾಂವದ ಹಳ್ಳದ ದಂಡೆಯಲ್ಲಿ ಹೆಸರಿಲ್ಲದ ಕಲ್ಲುಕಟ್ಟೆಯೊಂದನ್ನು ಪತ್ತೆಹಚ್ಚಿದರು. ಹುಲೆಪ್ಪನದೇ ಇರಬೇಕೆಂದು ಹಳಬರು ತಲೆಯಾಡಿಸಿದರು. ಜನಾಬಾಯಿ ಅಮಾವಾಸ್ಯೆಗೊಮ್ಮೆ ಬಂದು ದೀಪ ಹಚ್ಚತೊಡಗಿದರು. ಎರಡು ವರ್ಷ ಹಾಗೇ ನಡೆಯಿತು. ಆಮೇಲೊಂದು ಬೆಳಿಗ್ಗೆ ಸೊಲ್ಲಾಪುರದ ಬಟ್ಟೆ ವ್ಯಾಪಾರಿ ಸಾತಲಿಂಗಪ್ಪ ಚೆಂಡುಹೂವಿನ ಮಾಲೆ ಹಿಡಿದು ಬಸ್ ಹತ್ತಿದರು.

"ಚಪಳಗಾಂವದಾಗ ನಮ್ಮ ಮುತ್ತ್ಯಾನ ಗದ್ದಗಿಗೆ ಯಾರೋ ಅಮಾಸಿಗೊಮ್ಮೆ ದೀಪಾ ಹಚ್ಚಾಕತ್ತಾರ. ನಮ್ಮ ಮುತ್ತ್ಯಾಗ ಈಗೂ ಭಕ್ತರದಾರಪಾ!"

ಟಿಕೆಟ್ ಯಂತ್ರದ ಮೇಲೆ ಕೈಲಾಸರ ಬೆರಳು ನಿಂತುಹೋಯಿತು. ತಮ್ಮ ಅಜ್ಜನ ಗದ್ದುಗೆಯನ್ನು ಸಿಪಾಯಿಯ ಸಮಾಧಿ ಎಂದುಕೊಂಡ ವಿಷಯ ಕೇಳಿ ಸಾತಲಿಂಗಪ್ಪ ಬಸ್ಸೆಲ್ಲ ತಿರುಗಿ ನೋಡುವಂತೆ ನಕ್ಕರು. "ನಾವು ಹೆಣಾ ಕೂಡಿಸಿ ಹೂಳ್ತೀವೋ ಹುಚ್ಚಪ್ಪಾ. ಗುಂಡಿ ಚೌಕ, ಕಟ್ಟಿನೂ ಚೌಕ. ಮಲಗಿಸಿ ಹೂಳಿದ ನಿಮ್ಮ ಸಿಪಾಯಂದು ಉದ್ದ ಇರಬೇಕಲ್ಲ?"

ಕೈಲಾಸರ ಮನೆತನದಲ್ಲಿ ಹೂಳುವುದು ನಿಂತು ಎರಡು ತಲೆಮಾರಾಯಿತು. "ನಾ ಸುಡೂದಷ್ಟ ನೋಡೀನ್ರಿ. ಚೌಕ ಯಾವುದು, ಉದ್ದ ಯಾವುದು, ನನಗೆಲ್ಲಿ ಗೊತ್ತು?" ಜನಾಬಾಯಿಯ ಮುಂದೆ ಹೇಗೆ ಹೇಳುವುದು? ಎಂಟು ದಿನ ಅವರ ಓಣಿಯ ಕಡೆಗೇ ಹಾಯಲಿಲ್ಲ. ಆ ಎಂಟು ದಿನದಲ್ಲಿ ಪ್ರಶ್ನೆ ಬದಲಾಯಿತು. ಇಷ್ಟು ಕಾಲ ಚಪಳಗಾಂವದ ಗಂಡಸರನ್ನಷ್ಟೇ ಕೇಳುತ್ತಿದ್ದರು. ಈಗ ಹುಲೆಪ್ಪನ ಹೆಂಡತಿಯ ತವರಾದ ಕಂದಲಗಾಂವದ ಹೆಂಗಸರನ್ನೂ ಕೇಳತೊಡಗಿದರು.

ಒಂದು ಗುರುವಾರ ಅಕ್ಕಲಕೋಟಕ್ಕೆ ಸ್ವಾಮಿಗಳ ದರ್ಶನಕ್ಕೆಂದು ಹೊರಟಿದ್ದ ಕಂದಲಗಾಂವದ ಎಂಬತ್ತೆಂಟರ ರತ್ನಾಬಾಯಿ ಥಟ್ಟನೆ ಹೇಳಿದರು: "ಪಲ್ಟನ್ ಅಳಿಯಾನೇನು? ಹೆಂಡ್ತಿ ಕರಿಯಾಕ ಬಂದಿದ್ದ. ಜ್ವರಾ ಬಂದು ಮೂರ ದಿನದಾಗ ಹೋದ. ಮಳಿಗಾಲ, ಹಳ್ಳ ತುಂಬಿತ್ತು, ಹೆಣಾ ದಾಟಸಾಕ ಆಗಲಿಲ್ಲ. ನಮ್ಮೂರ ಹಣಮಂತಪ್ಪನ ಮುತ್ತ್ಯಾ ತನ್ನ ಹೊಲದಾಗ ಜಾಗಾ ಕೊಟ್ಟ."

ಮುಂದಿನ ರಜೆಗೆ ಕೈಲಾಸ ಕಂದಲಗಾಂವದಲ್ಲಿದ್ದರು. ಹಣಮಂತಪ್ಪನ ಜೋಳದ ಹೊಲದ ನಡುವೆ ಒಂದು ಆಳುದ್ದ ನೆಲದಲ್ಲಿ ಬರೀ ಹುಲ್ಲು. "ಇಲ್ಲಿ ಕುಂಟಿ ಹೊಡಿಬ್ಯಾಡ, ಪಲ್ಟನ್ ಮನಷ್ಯಾ ಮಲಗ್ಯಾನ ಅಂತ ನಮ್ಮಪ್ಪ ಹೇಳಿದ್ದ. ಯಾರಂತ ನಾ ಕೇಳ್ಲಿಲ್ಲ. ಟ್ರ್ಯಾಕ್ಟರ್ ಬಂದ್ರೂ ಸುತ್ತ ಹಾಕ್ಕೊಂಡ ಹೋಗ್ತದ," ಎಂದರು ಹಣಮಂತಪ್ಪ. ಲಿಖಿತ ದಾಖಲೆ ಎಂಬುದು ಇದಕ್ಕಿಲ್ಲ. ಇರುವುದು ಒಬ್ಬ ಮುದುಕಿಯ ನೆನಪು ಮತ್ತು ಮೂರು ತಲೆಮಾರು ಉಳದೆ ಬಿಟ್ಟ ನೆಲ. ಎರಡೂ ಒಂದನ್ನೇ ಹೇಳುತ್ತವೆ.

ಜನಾಬಾಯಿಗೆ ತಪ್ಪೊಪ್ಪಿಕೊಳ್ಳುವಾಗ ಕೈಲಾಸ ತಲೆ ಎತ್ತಲಿಲ್ಲ. ಅವರು ಹೇಳಿದರಂತೆ: "ಎರಡ ವರ್ಷ ಯಾರಿಗೋ ದೀಪಾ ಹಚ್ಚೀನೇನು? ಇರ್ಲಿ ಬಿಡೋ. ಅಂವಾನೂ ಯಾರದೋ ಅಪ್ಪನ ಅಲ್ಲೇನು?" ಸಾತಲಿಂಗಪ್ಪನವರದು ಬೇರೆಯೇ ಚಿಂತೆ: "ಇನ್ನ ಮ್ಯಾಲ ನಮ್ಮ ಮುತ್ತ್ಯಾಗ ನಾವ ಹಚ್ಚಬೇಕಾತಲ್ಲೋ!"

ಕಳೆದ ತಿಂಗಳು ಕೈಲಾಸ ಜನಾಬಾಯಿಯನ್ನು ಎರಡು ಬಸ್ ಬದಲಿಸಿ ಕಂದಲಗಾಂವಕ್ಕೆ ಕರೆದೊಯ್ದರು. ಜನಾಬಾಯಿ ಅಳಲಿಲ್ಲ. ಚಪ್ಪಲಿ ಬಿಟ್ಟು, ಹುಲ್ಲಿನ ಅಂಚಿಗೆ ಹೆಜ್ಜೆಗೆ ಹೆಜ್ಜೆ ಕೂಡಿಸುತ್ತ ಈ ತುದಿಯಿಂದ ಆ ತುದಿಗೆ ನಡೆದರು. ಆಮೇಲೆ ಕೂತು ಮಣ್ಣಿನ ಮೇಲೆ ಕೈಯಿಟ್ಟರು. "ನಮ್ಮಪ್ಪ ಎತ್ತರ ಇದ್ದ ನೋಡು," ಎಂದರು.

ಕೈಲಾಸರ ಡೈರಿಯಲ್ಲಿ ಸಮಾಧಿ ಸಿಗದ ಇನ್ನೂ ಹನ್ನೊಂದು ಮಂದಿ ಸಿಪಾಯಿಗಳಿದ್ದಾರೆ. ಸನ್ಮಾನದ ಮಾತೆತ್ತಿದರೆ ಟಿಕೆಟ್ ಯಂತ್ರ ಒರೆಸುತ್ತ ಮಾತು ತಪ್ಪಿಸುತ್ತಾರೆ. ಆಸೆ ಏನು ಎಂದರೆ ಮಾತ್ರ ನಿಂತು ಯೋಚಿಸುತ್ತಾರೆ.

"ಹಣಮಂತಪ್ಪನ ಮಗಾನೂ ಟ್ರ್ಯಾಕ್ಟರ್ ಸುತ್ತ ಹಾಕ್ಲಿ, ಅಷ್ಟ ಸಾಕ್ರಿ. ಇಷ್ಟ ದಿನ ಅವ್ರು ಯಾರಂತ ಗೊತ್ತಿಲ್ದ ಕಾಯ್ದಾರ. ಈಗ ನಾ ಹೆಸರು ಹೇಳಿ ಬಂದೀನಿ, ಹುಲೆಪ್ಪ ಅಂತ."