ಬಾವನವರು ಕಟ್ಟಿಸಿದ ಕೋಳಿಗೂಡು

ನನ್ನ ಗಂಡನ ಅಣ್ಣ ಹರಿಹರದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದು ನಿವೃತ್ತರಾದವರು. ಅಲ್ಲಿ ಏನು ಮಾಡುತ್ತಿದ್ದರೋ ನನಗೆ ತಿಳಿಯದು. ಬೇರೆಯವರು ಕೆಲಸ ಮಾಡುವಾಗ ಸೊಂಟದ ಮೇಲೆ ಕೈಯಿಟ್ಟು ನಿಲ್ಲುವುದನ್ನಷ್ಟೇ ನಾನು ನೋಡಿದ್ದೇನೆ. ನಲ್ಲಿ ರಿಪೇರಿಗೆ ಬಂದವನಿಗೆ ಸ್ಪ್ಯಾನರ್ ಹಿಡಿಯುವುದು ಹೇಗೆಂದು ಹೇಳಿಕೊಡುತ್ತಾರೆ. ಅವನು ಹೋದ ಮೇಲೆ, ನಲ್ಲಿ ಸರಿಹೋದದ್ದು ತಮ್ಮಿಂದ ಎನ್ನುತ್ತಾರೆ.

ಹರಿಹರದ ನನ್ನ ತವರುಮನೆಯನ್ನು ಕೆಡವಿ ಹೊಸದಾಗಿ ಕಟ್ಟಿಸಲು ಶುರುಮಾಡಿದಾಗ, ಅವ್ವ ತನ್ನ ಆರು ನಾಟಿ ಕೋಳಿಗಳನ್ನು ನನಗೆ ಕೊಡುತ್ತೇನೆಂದಳು. ನಮ್ಮ ಮನೆಯಿರುವುದು ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು, ಒಂದು ಬೇವಿನ ಮರ, ಅದರಾಚೆ ಸ್ವಲ್ಪ ಬರಿ ಮಣ್ಣಿನ ಜಾಗ. ನಾನು ಹೊಲಿಗೆಯವಳು, ಹಿತ್ತಲ ಕಿಟಕಿಯ ಪಕ್ಕದಲ್ಲೇ ನನ್ನ ಮಷೀನು. ಹೊಲಿಯುತ್ತಲೇ ಕೋಳಿಗಳ ಮೇಲೆ ಕಣ್ಣಿಡಬಹುದೆಂದು ಒಪ್ಪಿಕೊಂಡೆ. ನಾಲ್ಕು ಹಲಗೆ, ಒಂದಿಷ್ಟು ಜಾಲರಿ ಇದ್ದರೆ ಸಾಕಿತ್ತು. ಆದರೆ ಸುದ್ದಿ ಪಕ್ಕದ ಬೀದಿಯಲ್ಲಿರುವ ಬಾವನವರ ಕಿವಿಗೆ ಬಿತ್ತು.

"ಅದನ್ನ ನನಗ ಬಿಟ್ಬಿಡ್ರಿ," ಎಂದರು. "ಫ್ಯಾಕ್ಟರಿಯಾಗ ಇಂಥವು ಎಷ್ಟು ಮಾಡ್ಸೀನಿ ನಾನು."

ಫ್ಯಾಕ್ಟರಿಯಲ್ಲಿ ಕೋಳಿಗೂಡು ಎಲ್ಲಿತ್ತೆಂದು ನನ್ನ ಗಂಡ ಕೇಳಲಿಲ್ಲ. ಅಣ್ಣನ ಮುಂದೆ ಅವರಿಗೆ ಬಾಯಿಯೇ ಇಲ್ಲ.

ಬಾವನವರು ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿದರು. ಹರಿಹರದ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಗೂಡೊಂದನ್ನು ಮಾಡಿಸಿ, ನೀಲಿ ಬಣ್ಣ ಹೊಡೆಸಿ, ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಬಂದರು. ಮನೆಯ ಪಕ್ಕದ ಸಂದಿಯಲ್ಲಿ ಅದು ತೂರಲಿಲ್ಲ. ಅಳತೆಯನ್ನೇ ತೆಗೆದಿರಲಿಲ್ಲ.

"ಸಂದಿ ಸಣ್ಣಕ ಬಿಟ್ಟು ಕಟ್ಸೀರಿ," ಎಂದು ನಮ್ಮನ್ನೇ ಬೈದರು.

ಕೊನೆಗೆ ನಾಲ್ವರು ಅದನ್ನೆತ್ತಿ ಪಕ್ಕದ ಮನೆಯವರ ಕಾಂಪೌಂಡ್ ಮೇಲಿಂದ ಇಳಿಸಿದರು. ಆ ಗದ್ದಲದಲ್ಲಿ ಅವರ ಕರಿಬೇವಿನ ಗಿಡ ಮುರಿಯಿತು. ಹೋಗಿ ತಪ್ಪಾಯಿತೆಂದು ಕೇಳಿಕೊಂಡವಳು ನಾನು.

ಗೂಡಿನ ಮುಂದೆ ಕೋಳಿಗಳು ಅಡ್ಡಾಡಲು ಕಂಬ ನೆಟ್ಟು ಜಾಲರಿಯ ಆವರಣ ಮಾಡಿಸಿದರು. ಜಾಲರಿ ನೆಲಕ್ಕೆ ಮುಟ್ಟುತ್ತಿತ್ತು, ಅಷ್ಟೇ. ಅವ್ವ ಜಾಲರಿಯನ್ನು ಒಂದು ಮೊಳ ಮಣ್ಣೊಳಗೆ ಹೂಳುತ್ತಿದ್ದುದನ್ನು ನಾನು ಚಿಕ್ಕಂದಿನಿಂದ ಕಂಡಿದ್ದೆ.

"ಬಾವೋರೆ, ಜಾಲರಿ ಸ್ವಲ್ಪ ಹೂಳ್ಬೇಕಿತ್ತು. ಮುಂಗುಸಿ ಕೆದರ್ತಾವ," ಎಂದೆ.

"ಇದು ಸಿಟಿ ಐತೆ ಕಣಮ್ಮ. ಇಲ್ಲಿಗೆ ಮುಂಗುಸಿ ಹೆಂಗೆ ಬರ್ತಾವ? ಬಸ್ ಹತ್ಕಂಡು?" ತಮ್ಮ ಮಾತಿಗೆ ತಾವೇ ನಕ್ಕರು. ನಾನೂ ನಕ್ಕೆ. "ಹೂಂ ಬಾವೋರೆ," ಎಂದೆ.

ಕೋಳಿಗಳು ಬಂದವು. ತಗಡಿನ ಚಾವಣಿಯ ಕೆಳಗೆ ಗೂಡು ಕಾದ ಹಂಚಿನಂತಿತ್ತು. ಕೂರಲು ಹಾಕಿಸಿದ್ದ ಸ್ಟೀಲ್ ಪೈಪಿನ ಮೇಲೆ ಅವುಗಳ ಕಾಲು ಜಾರುತ್ತಿತ್ತು. ಒಂದೂ ಒಳಗೆ ಹೋಗಲು ಒಪ್ಪಲಿಲ್ಲ. ಬೇವಿನ ನೆರಳಿನ ಮೂಲೆಯಲ್ಲಿ ಕೊಕ್ಕು ತೆರೆದು ಏದುತ್ತ ನಿಂತವು.

"ಹಳ್ಳಿ ಕೋಳಿ. ಇಂಥಾ ಮನಿ ರೂಢಿ ಇಲ್ಲ," ಎಂದರು ಬಾವನವರು. ಅದೇ ಹರಿಹರದ ಅನ್ನವನ್ನು ಇವರು ನೌಕರಿಯ ಉದ್ದಕ್ಕೂ ಉಂಡಿದ್ದರು.

ಎರಡನೇ ವಾರ, ಮಟಮಟ ಮಧ್ಯಾಹ್ನ. ಬಿಸಿಲಿಗೆ ಕಿಟಕಿ ಮುಚ್ಚಿಕೊಂಡು ಬ್ಲೌಸಿಗೆ ತೋಳು ಕೂಡಿಸುತ್ತಿದ್ದೆ. ಹಿತ್ತಲಲ್ಲಿ ಕೋಳಿಗಳು ಕಿರುಚಿಕೊಂಡವು. ಓಡಿಹೋಗಿ ನೋಡಿದರೆ ಜಾಲರಿಯ ಕೆಳಗೆ ಬಟ್ಟಲಿನಷ್ಟು ಅಗಲದ ಬಿಲ. ಮುಂಗುಸಿ ನನ್ನನ್ನೊಮ್ಮೆ ದಿಟ್ಟಿಸಿ ಅದರೊಳಗೆ ನುಸುಳಿ ಹೋಯಿತು. ಎರಡು ಹೇಂಟೆಗಳು ಬಿದ್ದಿದ್ದವು. ಕೆಂಪು ಹೇಂಟೆಯನ್ನು ಎತ್ತಿಕೊಂಡೆ. ಮೈ ಇನ್ನೂ ಬೆಚ್ಚಗಿತ್ತು, ಕತ್ತು ಮಾತ್ರ ಜೋತುಬಿತ್ತು.

ಬಾವನವರು ಬಂದು ಬಗ್ಗಿ ನೋಡಿದರು. "ನಿಮ್ಮ ಕೋಳಿ ದಡ್ಡ ಇದ್ವು ಬಿಡಮ್ಮ. ಗೂಡಿನೊಳಗ ಹೋಗಿದ್ರೆ ಉಳೀತಿದ್ವು."

ಅವರ ಇಸ್ತ್ರಿ ಹಾಕಿದ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ಎಲ್ಲವನ್ನೂ ಕಂಡು ನನಗೆ ಹೇಸಿಗೆಯಾಯಿತು. ಸತ್ತ ಕೋಳಿಯ ಮೇಲೂ ತಪ್ಪು ಹೊರಿಸುವ ಮನುಷ್ಯ! ಆದರೆ ನಿಜ ಹೇಳಬೇಕೆಂದರೆ, ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದೂ ಹಲ್ಲು ಕಿರಿದು "ಹೂಂ" ಎಂದವಳು ಅವರಿಗಿಂತ ಯಾವುದರಲ್ಲಿ ಮೇಲು?

ಫೋನಿನಲ್ಲಿ ಸುದ್ದಿ ಕೇಳಿ ಮರುದಿನ ಬೆಳಗಿನ ಬಸ್ಸಿಗೇ ಅವ್ವ ಬಂದಳು. ನೀಲಿ ಗೂಡನ್ನು ಸುತ್ತಿ ನೋಡಿದಳು.

"ಇದು ಕೋಳಿಗೂಡೋ, ಪೊಲೀಸ್ ಠಾಣೆಯೋ?" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಇದನ್ನ ಕಟ್ಟೋವಾಗ ನೀ ಎಲ್ಲಿದ್ದೆ?"

"ಇಲ್ಲೇ ಇದ್ದೆ."

"ಮತ್ಯಾಕ ಸುಮ್ನಿದ್ದೆ?"

ಅವ್ವ ಸೆರಗು ಸಿಕ್ಕಿಸಿ ಗುದ್ದಲಿ ಹಿಡಿದಳು. ಇಬ್ಬರೂ ಸೇರಿ ಆವರಣದ ಸುತ್ತ ಮೊಳದಾಳ ತೋಡಿ, ಬುಡಕ್ಕೆ ಬೇರೆ ಜಾಲರಿ ಜೋಡಿಸಿ, ಅದನ್ನು ಹೊರಮುಖವಾಗಿ ಬಗ್ಗಿಸಿ ಹೂತು, ಮೇಲೆ ಕಲ್ಲು ಹೇರಿದೆವು. ಸ್ಟೀಲ್ ಪೈಪು ಕಿತ್ತು ಬೇವಿನ ಕೊಂಬೆ ಕಟ್ಟಿದೆವು. ತಗಡಿನ ಮೇಲೆ ಒದ್ದೆ ಗೋಣಿಚೀಲ ಹಾಸಿದೆವು. ಬಾವನವರು ನೆರಳಿಗೆ ಕುರ್ಚಿ ಹಾಕಿಸಿಕೊಂಡು ಕೂತು ಮೊಬೈಲಿನಲ್ಲಿ ವಿಡಿಯೋ ತೆಗೆದರು. ಸಂಜೆ ಉಳಿದ ನಾಲ್ಕೂ ಕೋಳಿಗಳು ತಾವಾಗಿಯೇ ಗೂಡು ಹೊಕ್ಕವು. ಆ ವಿಡಿಯೋ "ನಮ್ಮ ಡಿಸೈನ್" ಎಂಬ ಒಕ್ಕಣೆಯೊಂದಿಗೆ ಮನೆಯವರ ವಾಟ್ಸಾಪ್ ಗುಂಪಿಗೆ ಹೋಯಿತು. ಎಲ್ಲರೂ ಕೈ ಮುಗಿದರು. ನನ್ನ ಗಂಡ ಹೆಬ್ಬೆರಳು ಎತ್ತಿದರು.

ಕೆಲವು ವಾರಗಳ ನಂತರ ಬಾವನವರು ತಮ್ಮ ಹಳೆಯ ಸಹೋದ್ಯೋಗಿಯೊಬ್ಬರನ್ನು ಗೂಡು ತೋರಿಸಲು ಕರೆತಂದರು. ಅವರಿಗೂ ಕೋಳಿ ಸಾಕುವ ಆಸೆಯಂತೆ.

"ಜಾಲರಿ ಹೂಳಲೇಬೇಕು ನೋಡ್ರಿ. ನಾನು ಮೊದ್ಲೇ ಹೇಳಿದ್ದೆ," ಎಂಬ ಮಾತು ಕಿಟಕಿಯಲ್ಲಿ ಕೇಳಿಸಿತು.

ಮಷೀನು ಬಿಟ್ಟು ಎದ್ದು ಹೋದೆ. "ಬಾವೋರೆ, ಹೂಳಿದ್ದು ನಾನು, ನಮ್ಮವ್ವ. ನೀವು ಕುರ್ಚಿ ಮ್ಯಾಲೆ ಕುಂತಿದ್ರಿ. ನೀವು ಬ್ಯಾಡ ಅಂದಿದ್ದಕ್ಕೆ ಎರಡು ಕೋಳಿ ಸತ್ವು. ಅದನ್ನೂ ಹೇಳ್ರಿ ಅವ್ರಿಗೆ."

ಬಾವನವರು ಬೇವಿನ ಮರವನ್ನು ನೋಡತೊಡಗಿದರು. ಬಂದವರು ಜಾಲರಿಯ ಬುಡದ ಕಲ್ಲುಗಳನ್ನು ಬಗ್ಗಿ ನೋಡಿ, "ಒಂದು ಮೊಳ ಸಾಕೇನ್ರಿ?" ಎಂದು ನನ್ನನ್ನೇ ಕೇಳಿದರು. ಗೊತ್ತಿದ್ದಷ್ಟು ಹೇಳಿದೆ.

ಆಮೇಲೆ ಬಾವನವರು ನಮ್ಮ ಮನೆಗೆ ಬರುವುದನ್ನು ನಿಲ್ಲಿಸಿದರು. "ಅಣ್ಣಂಗೆ ಬ್ಯಾಸರ ಆಗೈತೆ. ಹಂಗೆ ಅನ್ಬಾರ್ದಿತ್ತು ನೀನು," ಎಂದರು ನನ್ನ ಗಂಡ, ಊಟಕ್ಕೆ ಕೂತಾಗ.

"ಆಗ್ಲಿ ಬಿಡ್ರಿ," ಎಂದು ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ.