ಕಣ್ಣುಜ್ಜುವ ಸುಖ

ಕಣ್ಣುಜ್ಜಿಕೊಳ್ಳುವುದರಲ್ಲಿ ಒಂದು ಸುಖವಿದೆ. ಇಲ್ಲ ಎನ್ನುವವರು ಸರಿಯಾಗಿ ಉಜ್ಜಿಯೇ ಇಲ್ಲ. ನಾನಂತೂ ಬೆರಳಿನ ಗೆಣ್ಣನ್ನು ರೆಪ್ಪೆಯ ಮೇಲಿಟ್ಟು, ಒಳಗೆ ಬಣ್ಣದ ಚುಕ್ಕೆಗಳು ಕುಣಿಯುವ ತನಕ ತಿಕ್ಕುತ್ತಿದ್ದೆ. ತಂಬ್ರಹಳ್ಳಿಯ ನಮ್ಮ ಮನೆಯ ಮುಂದೆಯೇ ಮೆಕ್ಕೆಜೋಳ ಬಿಡಿಸುವ ಮಷೀನು ನಿಲ್ಲುತ್ತಿತ್ತು. ಅದರ ಧೂಳು ಎದ್ದರೆ ಕಣ್ಣು ಉರಿದು ತುರಿಸುತ್ತಿತ್ತು. ಮನೆಮಂದಿಯೆಲ್ಲ ಉಜ್ಜಿಕೊಳ್ಳುತ್ತಿದ್ದರು. ಅದನ್ನು ತೊಂದರೆ ಎಂದು ಯಾರೂ ಎಣಿಸಿರಲಿಲ್ಲ.

ನಾನು ಉಣ್ಣುವ ಅನ್ನ ಕಣ್ಣಿನದು. ಹಗರಿಬೊಮ್ಮನಹಳ್ಳಿಯಲ್ಲಿ ಮದುವೆಯ ಜಂಪರುಗಳಿಗೆ ಮಗ್ಗದ ಕೆಲಸ ಮಾಡುತ್ತೇನೆ. ಇದು ನೇಯ್ಗೆಯಲ್ಲ, ಕಟ್ಟಿಗೆಯ ಚೌಕಟ್ಟಿಗೆ ಬಟ್ಟೆ ಬಿಗಿದು, ಸೂಜಿಯಿಂದ ಜರಿ, ಮಣಿ, ಹರಳು ಕೂರಿಸುವುದು. ಎವೆಯಿಕ್ಕದೆ ಬಗ್ಗಿ ಕುಳಿತರೆ ಕಣ್ಣು ಒಣಗುತ್ತದೆ. ಆಗ ಸೂಜಿ ಕೆಳಗಿಟ್ಟು, ಎರಡೂ ಕಣ್ಣನ್ನು ಮನಸಾರೆ ಉಜ್ಜಿಕೊಂಡು ಮತ್ತೆ ಸೂಜಿ ಹಿಡಿಯುವುದು ನನ್ನ ರೂಢಿ. ಉಳಿದವರು ಚಹಾ ಕುಡಿಯುವ ಹೊತ್ತಿನಲ್ಲಿ ನಾನು ಕಣ್ಣುಜ್ಜುತ್ತಿದ್ದೆ.

ಮಾಗಳದ ಹುಡುಗನೊಂದಿಗೆ ತಂಗಿಯ ಮದುವೆ ಗೊತ್ತಾದ ವರ್ಷ, ನನ್ನ ಎಡಗಣ್ಣಿಗೆ ಒಂದು ಮಣಿ ಎರಡಾಗಿ ಕಾಣತೊಡಗಿತು. ಕನ್ನಡಕ ಮಾಡಿಸಿದೆ. ಕೆಲವೇ ತಿಂಗಳಲ್ಲಿ ನಂಬರು ಬದಲಾಯಿತು. ಅಂಗಡಿಯವನ ಮೇಲೆ ಹರಿಹಾಯ್ದೆ.

“ನಂಬರ್ ತಪ್ಪು ಕೊಟ್ಟೀರಿ.”

“ನನ್ನ ತಪ್ಪಲ್ರಿ ಅಕ್ಕಾರ, ನಿಮ್ಮ ಕಣ್ಣು ನೋಡೋ ಡಾಕ್ಟ್ರು ಬ್ಯಾರೆ ಅದಾರ. ದಾವಣಗೆರಿಗೆ ಹೋಗ್ರಿ” ಎಂದು ಅವನು ಕೈಮುಗಿದ.

ನಾನು ಅಷ್ಟಕ್ಕೆ ಬಗ್ಗುವವಳಲ್ಲ. ಕೊಟ್ಟೂರಿನಲ್ಲೂ ಕೂಡ್ಲಿಗಿಯಲ್ಲೂ ಕನ್ನಡಕದ ಅಂಗಡಿ ಹೊಕ್ಕು, ಎರಡೂ ಕಡೆ ಅದೇ ಮಾತು ಕೇಳಿಸಿಕೊಂಡು, ಕೊನೆಗೆ ಅವ್ವನನ್ನು ಕರೆದುಕೊಂಡು ಹರಪನಹಳ್ಳಿ ಮೇಲೆ ದಾವಣಗೆರೆಗೆ ಹೋಗುವ ಬಸ್ಸು ಹತ್ತಿದೆ.

ಅಲ್ಲಿನ ಕಣ್ಣಾಸ್ಪತ್ರೆಯ ಡಾಕ್ಟರಮ್ಮ ಮಷೀನಿಗೆ ನನ್ನ ಗದ್ದ ಆನಿಸಿ, ಕಣ್ಣೊಳಗೆ ಬೆಳಕು ಬಿಟ್ಟು ನೋಡಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ.

“ಕಣ್ಣು ಉಜ್ಜುತ್ತೀಯೇನಮ್ಮ?”

ನಾನು ಬಾಯಿ ತೆರೆಯುವ ಮೊದಲೇ ಅವ್ವ ಉತ್ತರಿಸಿದಳು. “ಉಜ್ಜೋದೇನ್ರಿ, ಹಂಡೇವು ತಿಕ್ಕಿದಂಗ ತಿಕ್ತಾಳ.”

ಕಣ್ಣಿನ ಮುಂದೆ ಗಾಜಿನಂಥ ಒಂದು ಪದರ ಇರುತ್ತದೆ, ಅದೇ ಕಾರ್ನಿಯಾ. ನನ್ನ ಎಡಗಣ್ಣಿನ ಕಾರ್ನಿಯಾ ತೆಳುವಾಗಿ ಮುಂದಕ್ಕೆ ಉಬ್ಬಿತ್ತು. ಹೋಳಿಗೆ ಲಟ್ಟಿಸುವಾಗ ಒಂದೇ ಕಡೆ ಒತ್ತಿದರೆ ಕಣಕ ತೆಳುವಾಗಿ ಹೂರಣ ಉಬ್ಬುತ್ತದಲ್ಲ, ಹಾಗೆ ಎಂದು ನಾನು ಅರ್ಥಮಾಡಿಕೊಂಡೆ.

“ಉಜ್ಜಿದವರಿಗೆಲ್ಲ ಹೀಗಾಗಲ್ಲ. ನಿನ್ನ ಕಣ್ಣು ಮೊದಲೇ ಸೂಕ್ಷ್ಮ ಇದ್ದಿರಬೇಕು. ಉಜ್ಜಿ ಉಜ್ಜಿ ಹೆಚ್ಚು ಮಾಡ್ಕೊಂಡಿದ್ದೀಯ. ಉಜ್ಜಿದಷ್ಟೂ ತುರಿಕೆ ಜಾಸ್ತಿ ಆಗ್ತದೆ, ಕೈಯ ಹೊಲಸೂ ಒಳಗೆ ಹೋಗ್ತದೆ” ಎಂದರು ಡಾಕ್ಟರಮ್ಮ. ಹನಿ ಹಾಕಿ, ಬೆಳಕು ಹಾಯಿಸಿ ಆ ಪದರವನ್ನು ಗಟ್ಟಿ ಮಾಡಬಹುದು, ಆದರೆ ಆಗಿರುವ ಉಬ್ಬು ಪೂರ್ತಿ ಇಳಿಯುವುದಿಲ್ಲ ಎಂದೂ ಹೇಳಿದರು.

“ನಾನು ಮಗ್ಗದ ಕೆಲಸ ಮಾಡಾಕಿ. ಹಿಂಗ ಬಿಟ್ರ ಏನಾಗ್ತೈತ್ರಿ?” ಎಂದು ಕೇಳಿದೆ.

“ಸೂಜಿ ಬಿಡಬೇಕಾಗ್ತದೆ.”

ನನಗೆ ಹೆದರಿಕೆಯಾಯಿತು. ಮಣಿ ಹಿಡಿಯಲಾರದ ನನ್ನನ್ನು ನಾನು ಯಾವತ್ತೂ ಯೋಚಿಸಿಯೇ ಇರಲಿಲ್ಲ. ಆಗಲೇ ತೀರ್ಮಾನ ಮಾಡಿದೆ: ಉಳಿದಿರುವಷ್ಟು ಕಣ್ಣು ನನ್ನದು, ಅದನ್ನು ನನ್ನ ಕೈಯಿಂದಲೇ ಹಾಳು ಮಾಡಿಕೊಳ್ಳುವುದಿಲ್ಲ.

ಚಿಕಿತ್ಸೆ ಆಯಿತು. ಕೆಲವು ದಿನ ಕಣ್ಣು ಚುಚ್ಚಿತು, ಆಮೇಲೆ ತಣ್ಣಗಾಯಿತು. ಕಷ್ಟವಿದ್ದದ್ದು ಕೈಯನ್ನು ಕಟ್ಟಿಹಾಕುವುದರಲ್ಲಿ. ತುರಿಸಿದಾಗ ಡಾಕ್ಟರು ಕೊಟ್ಟ ಹನಿ ಹಾಕುವುದು, ಒದ್ದೆ ಬಟ್ಟೆಯನ್ನು ಮುಚ್ಚಿದ ರೆಪ್ಪೆಯ ಮೇಲೆ ಒತ್ತದೆ ಇಡುವುದು ಕಲಿತೆ. ನಿದ್ದೆಯಲ್ಲಿ ಕೈ ತಾನಾಗಿ ಏಳುತ್ತದೆಂದು ಉಳಿದ ಅಸ್ತರು ಬಟ್ಟೆಯಲ್ಲಿ ಎರಡು ದಪ್ಪ ಚೀಲ ಹೊಲಿದು ಕೈಗೆ ತೊಟ್ಟು ಮಲಗಿದೆ. “ಎತ್ತಿನ ಬಾಯಿಗೆ ಕುಕ್ಕಿ ಕಟ್ಟಿದಂಗ ಆಗೇತಿ ನೋಡಕ್ಕ” ಎಂದು ತಂಗಿ ಬಿದ್ದು ಬಿದ್ದು ನಕ್ಕಳು. ನಗಲಿ ಬಿಡಿ. ಹಿಂದೆ ಉಜ್ಜುತ್ತಿದ್ದ ಹೊತ್ತಿನಲ್ಲಿ ಈಗ ಹೊರಗೆ ನಿಂತು ದೂರದ ಬೇವಿನ ಮರ ನೋಡುತ್ತೇನೆ. ತಂಗಿಯ ಧಾರೆ ಸೀರೆಯ ಜಂಪರಿಗೆ ಕೊನೆಯ ಮಣಿಯವರೆಗೂ ನಾನೇ ಕೆಲಸ ಮಾಡಿದೆ, ಯಾರ ಕೈಗೂ ಬಿಡಲಿಲ್ಲ. ಎಡಗಣ್ಣು ಇನ್ನೂ ತುಸು ಮಂಜು, ಆದರೆ ಹದಗೆಡುತ್ತಿಲ್ಲ ಎಂದು ಡಾಕ್ಟರಮ್ಮ ಪರೀಕ್ಷಿಸಿ ಹೇಳಿದ್ದಾರೆ.

ಮದುವೆ ಮುಗಿದು ತಂಗಿಯನ್ನು ಕಳಿಸುವ ಹೊತ್ತಾಯಿತು. ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು, ಹೆಂಗಸರೆಲ್ಲ ಒರೆಸಿಕೊಂಡರು. ನನಗೂ ತಡೆಯಲಾಗದಷ್ಟು ಅಳು ಬಂತು. ಒರೆಸಲು ಹೋದ ನನ್ನ ಕೈ ಉಜ್ಜದೆ ಹಿಂದಕ್ಕೆ ಬರುವುದಿಲ್ಲವೆಂದು ನನಗೆ ಗೊತ್ತು. ಎರಡೂ ಕೈಗಳನ್ನು ಬೆನ್ನ ಹಿಂದೆ ಹೆಣೆದುಕೊಂಡು ನಿಂತೆ. ಚಿಗವ್ವ ತನ್ನ ಸೆರಗು ಹಿಡಿದು ಮುಂದೆ ಬಂದಳು.

“ಬ್ಯಾಡ ಚಿಗವ್ವ, ಸುರೀಲಿ ಬಿಡು.”

ನೀರು ಗದ್ದದ ತನಕ ಇಳಿದು ಹೊಸ ಸೀರೆಯ ಮೇಲೆ ಬಿತ್ತು. ಸುತ್ತ ನಿಂತವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದರು. ಕಾರು ಹಡಗಲಿ ರಸ್ತೆಗೆ ತಿರುಗುವಾಗ ತಂಗಿ ಕಿಟಕಿಯಿಂದ ಹಿಂದಿರುಗಿ ನೋಡಿದಳು. ನಾನು ಅದನ್ನು ಕಂಡೆ.